ಬೊಕ್ಕಸದ ಬಾಗಿಲಲ್ಲಿ ಪ್ರಜೆ

ದುಂಬಿಯು ಹೂವನ್ನು ನೋಯಿಸದೆ ಮಕರಂದವನ್ನು ಹೀರುವಂತೆ ಅರಸನು ಪ್ರಜೆಗಳಿಂದ ಕಂದಾಯವನ್ನೆತ್ತಬೇಕೆಂದು ನಮ್ಮ ಹಿಂದಿನ ರಾಜನೀತಿ ಗ್ರಂಥಗಳು ಬೋಧಿಸುತ್ತವೆ. ಈ ಬೋಧೆ ಅರಸನನ್ನು ಕುರಿತದ್ದು. ಎಷ್ಟು ಮಕರಂದವನ್ನು ಕೊಡಬೇಕೆಂಬುದನ್ನು ಹೂವೇ ಗೊತ್ತುಮಾಡುವ ಕಾಲವೊಂದು ಬಂದೀತೆಂದು ಆ ಗ್ರಂಥಕರ್ತರು ಎಣಿಸಿರಲಾರರು. ಪ್ರಜಾಪ್ರಭುತ್ವದಲ್ಲಿಯೂ ತೆರಿಗೆಯ ವಿಚಾರವನ್ನು ಸಾಮಾನ್ಯವಾಗಿ ಜನರು ನೇರವಾಗಿ ತೀರ್ಮಾನಿಸುವುದಿಲ್ಲ. ಅವರು ಆರಿಸಿ ಕಳುಹಿಸಿದವರು ತೀರ್ಮಾನಿಸುತ್ತಾರೆ. ಜನರು ಕೊಟ್ಟು ಗೊಣಗುತ್ತಾರೆ. ಆದರೆ ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪ್ರಜೆಯೇ ಬೊಕ್ಕಸದ ಬಾಗಿಲಿಗೆ ಬಂದು ನಿಂತು, ಇಷ್ಟು ಕೊಡುತ್ತೇನೆ, ಇದಕ್ಕೆ ಮೀರಿ ಕೊಡೆನೆಂದು ಮತಪತ್ರದ ಮೇಲೆ ಬರೆದುಕೊಟ್ಟ ಪ್ರಸಂಗಗಳು ಒಂದಲ್ಲ, ಹಲವು. ಜನಮತವೆಂಬುದು ತೆರಿಗೆಯ ಎದುರಿಗೆ ನಿಂತಾಗ ಹೇಗೆ ವರ್ತಿಸುತ್ತದೆಂಬುದನ್ನು ತಿಳಿಯಲು ಆ ರಾಜ್ಯದ ಚರಿತ್ರೆಗಿಂತ ಉತ್ತಮವಾದ ಪಾಠಶಾಲೆ ಸಿಗಲಾರದು.

ಈ ಅಧಿಕಾರ ಅಲ್ಲಿಯ ಜನರಿಗೆ ಬಂದದ್ದು 1911ರಲ್ಲಿ. ಆ ಕಾಲದಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಹಿಡಿತ ರಾಜ್ಯದ ಶಾಸನಸಭೆಯ ಮೇಲೆ ಬಿಗಿಯಾಗಿತ್ತು. ಫ್ರಾಂಕ್ ನಾರಿಸನು 1901ರಲ್ಲಿ ಪ್ರಕಟಿಸಿದ ‘ದಿ ಆಕ್ಟೊಪಸ್’ ಎಂಬ ಕಾದಂಬರಿ ಈ ರೈಲ್ವೆ ದರ್ಬಾರನ್ನೇ ವಸ್ತುವಾಗಿ ಉಳ್ಳದ್ದು. ಪ್ರತಿನಿಧಿಗಳು ಮಾರಾಟವಾದರೆ ಜನರೇ ಶಾಸನ ಮಾಡಲಿ ಎಂಬ ಸುಧಾರಕರ ವಾದವನ್ನು ಗವರ್ನರ್ ಹೈರಮ್ ಜಾನ್ಸನ್ ಎತ್ತಿಹಿಡಿದನು. ಅಲ್ಲಿ ಗವರ್ನರನೆಂದರೆ ಜನರಿಂದ ನೇರವಾಗಿ ಆಯ್ಕೆಯಾಗುವ ಆಡಳಿತ ಮುಖ್ಯಸ್ಥ. ನಮ್ಮ ಮುಖ್ಯಮಂತ್ರಿಯ ಸ್ಥಾನಕ್ಕೆ ಹತ್ತಿರವಾದವನು. ಸಾಕಷ್ಟು ಮತದಾರರ ಸಹಿಗಳನ್ನು ಕೂಡಿಸಿದರೆ ಯಾವುದೇ ಪ್ರಸ್ತಾವವನ್ನು, ರಾಜ್ಯದ ಸಂವಿಧಾನದ ತಿದ್ದುಪಡಿಯನ್ನು ಕೂಡ, ನೇರವಾಗಿ ಮತಕ್ಕೆ ಹಾಕಬಹುದೆಂಬ ವಿಧಿ ಹೀಗೆ ಹುಟ್ಟಿತು. ಕಂಪನಿಯ ಕೈಯಿಂದ ರಾಜ್ಯವನ್ನು ಬಿಡಿಸಲೆಂದು ಮಾಡಿದ ಈ ಆಯುಧ ಅರವತ್ತೇಳು ವರ್ಷಗಳ ತರುವಾಯ ರಾಜ್ಯದ ಬೊಕ್ಕಸದ ಮೇಲೆಯೇ ತಿರುಗಿತು.

ಅದಕ್ಕೆ ಕಾರಣವಾದ ಸಂಗತಿಗಳಲ್ಲಿ ಒಂದು ವಿಪರ್ಯಾಸವುಂಟು. ಮನೆ ಮತ್ತು ನೆಲದ ಮೇಲಣ ಆಸ್ತಿ ತೆರಿಗೆಯಿಂದಲೇ ಅಲ್ಲಿಯ ಊರು, ಜಿಲ್ಲೆ, ಶಾಲೆಗಳು ನಡೆಯುತ್ತಿದ್ದವು. ಆಸ್ತಿಯ ಬೆಲೆ ಕಟ್ಟುವ ಅಧಿಕಾರಿಗಳು ಸಾಮಾನ್ಯರ ಮನೆಗಳಿಗೆ ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಮೆ ಬೆಲೆಯನ್ನು ಕಟ್ಟಿ, ವ್ಯಾಪಾರ ಸಂಸ್ಥೆಗಳಿಗೆ ಹೆಚ್ಚು ಕಟ್ಟುವುದು ರೂಢಿಯಾಗಿತ್ತು. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಂಚ ಪಡೆದು ಬೆಲೆ ತಗ್ಗಿಸುತ್ತಿದ್ದ ಹಗರಣ ಬಯಲಾಯಿತು. ಮರುವರ್ಷವೇ ಶಾಸನಸಭೆ ಎಲ್ಲ ಆಸ್ತಿಗಳಿಗೂ ಮಾರುಕಟ್ಟೆಯ ಬೆಲೆಯ ಕಾಲುಭಾಗವನ್ನು ಸಮನಾಗಿ ಗೊತ್ತುಮಾಡಬೇಕೆಂದು ಕಾನೂನು ಮಾಡಿತು. ನ್ಯಾಯವೇನೋ ಸ್ಥಾಪಿತವಾಯಿತು, ಆದರೆ ಸಣ್ಣ ಮನೆಯವನಿಗೆ ಸಲ್ಲುತ್ತಿದ್ದ ಗುಟ್ಟಿನ ರಿಯಾಯಿತಿ ಹೋಯಿತು. 1970ರ ದಶಕದಲ್ಲಿ ಮನೆಗಳ ಬೆಲೆ ಹಣದುಬ್ಬರದೊಡನೆ ಏರತೊಡಗಿದಾಗ, ಪ್ರಾಮಾಣಿಕವಾದ ಲೆಕ್ಕವು ಆ ಏರಿಕೆಯನ್ನು ತಪ್ಪದೆ ತೆರಿಗೆಯ ಚೀಟಿಗೆ ಇಳಿಸಿತು. ನಿವೃತ್ತಿ ವೇತನದಲ್ಲಿ ಬದುಕುತ್ತಿದ್ದ ವೃದ್ಧನ ಮನೆ ಕಾಗದದ ಮೇಲೆ ಬಂಗಾರವಾಯಿತು, ಅವನ ಆದಾಯ ಮಾತ್ರ ಇದ್ದಲ್ಲೇ ಇತ್ತು. ಮನೆ ಮಾರಿದ ಹೊರತು ಕೈಗೆ ಬಾರದ ಸಂಪತ್ತಿಗೆ ಅವನು ವರ್ಷವರ್ಷವೂ ನಗದು ತೆರಬೇಕಾಯಿತು.

ಇದೇ ವೇಳೆಯಲ್ಲಿ ಏರುವ ವರಮಾನ ತೆರಿಗೆಯಿಂದ ರಾಜ್ಯದ ಬೊಕ್ಕಸದಲ್ಲಿ ಸುಮಾರು 500 ಕೋಟಿ ಡಾಲರ್ ಉಳಿತಾಯ ಕೂಡಿಬಿದ್ದಿತ್ತು. ಗವರ್ನರ್ ಜೆರ್ರಿ ಬ್ರೌನ್ ಮತ್ತು ಅವನ ಡೆಮಾಕ್ರಟಿಕ್ ಪಕ್ಷವೇ ಬಹುಮತದಲ್ಲಿದ್ದ ಶಾಸನಸಭೆ ಪರಿಹಾರದ ಯೋಜನೆಗಳನ್ನು ಚರ್ಚಿಸುತ್ತ ಕಾಲ ಕಳೆದರು. ಒಂದು ಕಡೆ ತುಂಬಿದ ಬೊಕ್ಕಸ, ಇನ್ನೊಂದು ಕಡೆ ಏರುವ ಚೀಟಿ. ಜನರ ಸಿಟ್ಟಿಗೆ ಬೇರೆ ಕಾರಣ ಬೇಕಿರಲಿಲ್ಲ.

ಆ ಸಿಟ್ಟಿಗೆ ಬಾಯಿಯಾದವನು ಹಾವರ್ಡ್ ಜಾರ್ವಿಸ್. ಯೂಟಾ ರಾಜ್ಯದಲ್ಲಿ ಹುಟ್ಟಿ, ಪತ್ರಿಕೆ ನಡೆಸಿ, ಕಾರ್ಖಾನೆ ನಡೆಸಿ, ಎಪ್ಪತ್ತು ದಾಟಿದ್ದ ಈತನು ಲಾಸ್ ಏಂಜಲೀಸಿನ ಬಾಡಿಗೆ ಮನೆಗಳ ಒಡೆಯರ ಸಂಘದ ಸೇವೆಯಲ್ಲಿದ್ದನು. ಪಾಲ್ ಗ್ಯಾನ್ ಎಂಬ ಇನ್ನೊಬ್ಬ ವೃದ್ಧನೊಡನೆ ಕೂಡಿ ಹನ್ನೆರಡು ಲಕ್ಷಕ್ಕೂ ಮಿಕ್ಕ ಸಹಿಗಳನ್ನು ಸಂಗ್ರಹಿಸಿದನು. ಅವರ 13ನೆಯ ಪ್ರಸ್ತಾವದ ಸಾರ ಸರಳ: ಆಸ್ತಿ ತೆರಿಗೆ ಬೆಲೆಯ ನೂರಕ್ಕೆ ಒಂದನ್ನು ಮೀರಕೂಡದು, ಬೆಲೆಯನ್ನು 1975ರ ಮಟ್ಟಕ್ಕೆ ಇಳಿಸಿ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಿಸಕೂಡದು, ಆಸ್ತಿ ಮಾರಾಟವಾದಾಗ ಮಾತ್ರ ಹೊಸ ಬೆಲೆ ಕಟ್ಟಬೇಕು. ಇದರ ಬಾಲದಲ್ಲಿ ಇನ್ನೊಂದು ವಿಧಿಯಿತ್ತು. ಇನ್ನು ಮುಂದೆ ರಾಜ್ಯದ ಯಾವ ತೆರಿಗೆಯನ್ನು ಏರಿಸಬೇಕಾದರೂ ಶಾಸನಸಭೆಯ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ಅಂದು ಹೆಚ್ಚಿನವರ ಕಣ್ಣು ಮನೆಯ ಚೀಟಿಯ ಮೇಲಿತ್ತು. ಬಾಲದ ಬಲ ತಿಳಿದದ್ದು ಆಮೇಲೆ.

ವಾದವಿವಾದ ಬಿರುಸಾಗಿ ನಡೆಯಿತು. ಶಾಲೆಗಳು ಸೊರಗುತ್ತವೆ, ಪುಸ್ತಕ ಭಂಡಾರಗಳು ಮುಚ್ಚುತ್ತವೆ, ಬೆಂಕಿ ಆರಿಸುವವರು ಕೆಲಸ ಕಳೆದುಕೊಳ್ಳುತ್ತಾರೆ ಎಂದು ಉಪಾಧ್ಯಾಯರ ಮತ್ತು ನೌಕರರ ಸಂಘಗಳು ಎಚ್ಚರಿಸಿದವು. ಗವರ್ನರ್ ಬ್ರೌನ್ ಕಟುವಾಗಿ ವಿರೋಧಿಸಿದನು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಪ್ರಸ್ತಾವದ ಪರವಾಗಿ ನಿಂತನು. ಗಮನಿಸಬೇಕಾದದ್ದೆಂದರೆ, ಪಕ್ಷಗಳ ಗೆರೆ ಇನ್ನೂ ಕಲ್ಲಿನ ಮೇಲೆ ಬಿದ್ದಿರಲಿಲ್ಲ. ತೆರಿಗೆ ವಿರೋಧಕ್ಕೆ ಹೆಸರಾದ ರಿಪಬ್ಲಿಕನ್ ನಾಯಕ ರೊನಾಲ್ಡ್ ರೇಗನ್ ಗವರ್ನರನಾಗಿದ್ದಾಗ 1967ರಲ್ಲಿ ಕೊರತೆ ತುಂಬಲು ಸುಮಾರು 100 ಕೋಟಿ ಡಾಲರಿನಷ್ಟು ತೆರಿಗೆಗಳನ್ನು ಏರಿಸಿದ್ದನು. ಸ್ಯಾನ್ ಡಿಯೇಗೊ ನಗರದ ರಿಪಬ್ಲಿಕನ್ ಮೇಯರ್ ಪೀಟ್ ವಿಲ್ಸನ್ 13ನೆಯ ಪ್ರಸ್ತಾವವನ್ನು ವಿರೋಧಿಸಿದನು. ಡೆಮಾಕ್ರಟಿಕ್ ಪಕ್ಷದ ಮತದಾರರೋ ಲಕ್ಷಗಟ್ಟಲೆಯಲ್ಲಿ ಅದನ್ನು ಬೆಂಬಲಿಸಿದರು. ಮತದಾನಕ್ಕೆ ಕೆಲವೇ ವಾರಗಳ ಮುಂಚೆ ಲಾಸ್ ಏಂಜಲೀಸಿನ ಹೊಸ ಬೆಲೆಪಟ್ಟಿ ಹೊರಬಿತ್ತು. ಹಲವರ ಮನೆಯ ಬೆಲೆ ಇಮ್ಮಡಿಯಾಗಿತ್ತು. ಆ ಪಟ್ಟಿ ಮಾಡಿದಷ್ಟು ಪ್ರಚಾರವನ್ನು ಯಾವ ಭಾಷಣವೂ ಮಾಡಲಿಲ್ಲ.

1978ರ ಜೂನ್ 6ರಂದು ಮತ ನೀಡಿದವರಲ್ಲಿ ನೂರಕ್ಕೆ ಸುಮಾರು 65 ಮಂದಿ ಪ್ರಸ್ತಾವವನ್ನು ಒಪ್ಪಿದರು. ಆಸ್ತಿ ತೆರಿಗೆಯ ಉತ್ಪತ್ತಿ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಬ್ರೌನನು ಜನಮತಕ್ಕೆ ತಲೆಬಾಗಿ, ರಾಜ್ಯದ ಉಳಿತಾಯವನ್ನು ಊರು ಶಾಲೆಗಳಿಗೆ ಹಂಚಿ, ತಾನು ವಿರೋಧಿಸಿದ ಶಾಸನವನ್ನು ತಾನೇ ಜಾರಿಗೆ ತಂದನು. ನವೆಂಬರಿನ ಚುನಾವಣೆಯಲ್ಲಿ ಅವನು ದೊಡ್ಡ ಅಂತರದಿಂದ ಗೆದ್ದನು. ಎರಡು ವರ್ಷಗಳ ಬಳಿಕ ‘ಏರ್‌ಪ್ಲೇನ್’ ಎಂಬ ಹಾಸ್ಯ ಚಲನಚಿತ್ರದಲ್ಲಿ ಜಾರ್ವಿಸನೂ ತಲೆ ತೋರಿಸಿದನು: ಚಾಲಕನು ಬಿಟ್ಟುಹೋದ ಟ್ಯಾಕ್ಸಿಯಲ್ಲಿ, ಮೀಟರು ಓಡುತ್ತಿರಲು, ತಾಳ್ಮೆಯಿಂದ ಕಾದು ಕುಳಿತ ಪ್ರಯಾಣಿಕನಾಗಿ. ತೆರಿಗೆದಾರನ ಚಿತ್ರವಾಗಿ ಅದು ಒಪ್ಪುವಂತಿತ್ತು.

ಹಾಗಾದರೆ ಜನ ತೆರಿಗೆಯನ್ನೇ ದ್ವೇಷಿಸಿದರೆ? 1980ರ ಜೂನ್‌ನಲ್ಲಿ ಅದೇ ಜಾರ್ವಿಸ್ ವರಮಾನ ತೆರಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಸ್ತಾವವನ್ನು ತಂದನು. ಅದೇ ಮತದಾರರು ನೂರಕ್ಕೆ 61ರಷ್ಟು ಮತಗಳಿಂದ ಅದನ್ನು ತಿರಸ್ಕರಿಸಿದರು. ಡೇವಿಡ್ ಸಿಯರ್ಸ್ ಮತ್ತು ಜಾಕ್ ಸಿಟ್ರಿನ್ ಎಂಬ ವಿದ್ವಾಂಸರು ಜನಾಭಿಪ್ರಾಯದ ಸಮೀಕ್ಷೆಗಳನ್ನು ಶೋಧಿಸಿ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತೆರಿಗೆ ಇಳಿಯಬೇಕೆಂದವರು ಶಾಲೆ, ಪೊಲೀಸು, ಬೆಂಕಿದಳಗಳಂಥ ಸೇವೆಗಳು ಇಳಿಯಬೇಕೆಂದು ಬಯಸಿರಲಿಲ್ಲವೆಂಬುದು ಅವರು ಕಂಡ ಸಂಗತಿ. ಸರಕಾರದಲ್ಲಿ ಪೋಲಾಗುವ ಹಣವನ್ನು ತಡೆದರೆ ಸಾಕು, ಸೇವೆಗೆ ಧಕ್ಕೆಯಿಲ್ಲದೆ ತೆರಿಗೆ ಇಳಿದೀತೆಂಬುದು ಬಹುಜನರ ನಂಬಿಕೆಯಾಗಿತ್ತು. ಇದನ್ನು ಮೂರ್ಖತನವೆಂದು ತಳ್ಳಿಹಾಕುವುದು ಸುಲಭ. ಆದರೆ 500 ಕೋಟಿಯನ್ನು ಸುಮ್ಮನೆ ಇಟ್ಟುಕೊಂಡಿದ್ದ ಸರಕಾರದ ಎದುರು ಆ ನಂಬಿಕೆ ಹುಟ್ಟಿದ್ದು ಆಶ್ಚರ್ಯವಲ್ಲ.

ಆದರೂ ಲೆಕ್ಕ ಎಲ್ಲಿಯಾದರೂ ತೀರಲೇಬೇಕು. ಅದು ತೀರಿದ್ದು ಅಂದು ಮತಗಟ್ಟೆಗೆ ಬಾರದವರ ತಲೆಯ ಮೇಲೆ. ಬಾಡಿಗೆ ಇಳಿಯುತ್ತದೆಂದು ನಂಬಿದ್ದ ಬಾಡಿಗೆದಾರರಿಗೆ ನಿರಾಶೆಯಾಗಿ, ಲಾಸ್ ಏಂಜಲೀಸ್, ಸಾಂತಾ ಮೋನಿಕಾ ಮುಂತಾದ ಊರುಗಳಲ್ಲಿ ಬಾಡಿಗೆ ನಿಯಂತ್ರಣದ ಕಾನೂನು ತರಬೇಕಾಯಿತು. ಒಂದು ಕಾಲಕ್ಕೆ ದೇಶಕ್ಕೇ ಮಾದರಿಯೆನಿಸಿದ್ದ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚ ಕಾಲಕ್ರಮದಲ್ಲಿ ರಾಷ್ಟ್ರದ ಸರಾಸರಿಗಿಂತ ಕೆಳಗೆ ಜಾರಿತು. ಅದಕ್ಕೆ ಈ ಪ್ರಸ್ತಾವವೊಂದೇ ಕಾರಣವಲ್ಲ. ಶಾಲೆಗಳ ನಡುವಣ ಅಸಮಾನತೆಯನ್ನು ಕುರಿತು 1970ರ ದಶಕದಲ್ಲಿ ನ್ಯಾಯಾಲಯಗಳು ಕೊಟ್ಟ ತೀರ್ಪುಗಳಿಗೂ ಅದರಲ್ಲಿ ಪಾಲುಂಟೆಂದು ಹೇಳುವವರಿದ್ದಾರೆ. ಇನ್ನು ಒಂದೇ ಬೀದಿಯಲ್ಲಿ ಒಂದೇ ಬಗೆಯ ಎರಡು ಮನೆಗಳಿದ್ದರೆ, ಹಿಂದೆಯೇ ಕೊಂಡವನು ತೆರುವುದರ ಹಲವು ಪಟ್ಟನ್ನು ಮೊನ್ನೆ ಕೊಂಡವನು ತೆರುವ ಸ್ಥಿತಿ ಬಂತು. ಸಾಂತಾ ಕ್ಲಾರಾ ಕಣಿವೆಯಲ್ಲಿ ತಡವಾಗಿ ಬಂದು ಮನೆ ಕೊಂಡ ಕನ್ನಡಿಗ ಕುಟುಂಬಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. 1992ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಭೇದವನ್ನು ಪರಿಶೀಲಿಸಿ, ಎಂಟು ಮಂದಿ ನ್ಯಾಯಾಧೀಶರ ಬಹುಮತದಿಂದ, ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಎತ್ತಿಹಿಡಿಯಿತು.

ಮೂರರಲ್ಲಿ ಎರಡರ ನಿಯಮದ ಫಲ ನಿಧಾನವಾಗಿ ಕಾಣಿಸಿತು. ಯಾವುದಾದರೂ ಒಂದು ಸದನದಲ್ಲಿ ಮೂರನೆಯ ಒಂದು ಪಾಲಿಗಿಂತ ಒಬ್ಬರು ಹೆಚ್ಚಿದ್ದರೆ ಸಾಕು, ಅಲ್ಪಸಂಖ್ಯೆಯ ಪಕ್ಷವು ತೆರಿಗೆಯ ಬಾಗಿಲಿಗೆ ಅಗಳಿ ಹಾಕಬಹುದಾಗಿತ್ತು. 13ನೆಯ ಪ್ರಸ್ತಾವವನ್ನು ವಿರೋಧಿಸಿದ್ದ ಪೀಟ್ ವಿಲ್ಸನ್ 1991ರಲ್ಲಿ ಗವರ್ನರನಾಗಿ ಎರಡೂ ಪಕ್ಷಗಳ ಮತಗಳನ್ನು ಕೂಡಿಸಿ ತೆರಿಗೆಗಳನ್ನು ಏರಿಸಿದನು. ಆ ಬಳಿಕ ಅಂಥ ಸಂಧಾನ ದುರ್ಲಭವಾಯಿತು. 2009ರ ಫೆಬ್ರವರಿಯಲ್ಲಿ, ಕೊರತೆ 4,000 ಕೋಟಿ ಡಾಲರನ್ನು ಮೀರಿದ್ದಾಗ, ಗವರ್ನರ್ ಆರ್ನಾಲ್ಡ್ ಶ್ವಾರ್ಜ಼್‌ನೆಗರ್ ತನ್ನದೇ ರಿಪಬ್ಲಿಕನ್ ಪಕ್ಷದ ಕೆಲವು ಮತಗಳಿಗಾಗಿ ಹೆಣಗಬೇಕಾಯಿತು. ಕೊನೆಗೆ ಆರು ಮಂದಿ ಒಪ್ಪಿದರು. ಸಂಧಾನ ನಡೆಯುತ್ತಿರುವಾಗಲೇ ಸೆನೆಟ್ಟಿನ ರಿಪಬ್ಲಿಕನ್ನರು ತಮ್ಮ ನಾಯಕನನ್ನು ರಾತ್ರೋರಾತ್ರಿ ಪದವಿಯಿಂದ ಕೆಳಗಿಳಿಸಿದರು. ಮೇ ತಿಂಗಳಲ್ಲಿ ಆ ತೆರಿಗೆಗಳ ಅವಧಿಯನ್ನು ಮುಂದುವರಿಸುವ ಪ್ರಸ್ತಾವ ಜನರ ಮುಂದೆ ಬಂದಾಗ ನೂರಕ್ಕೆ 65 ಮಂದಿ ಬೇಡವೆಂದರು. ಜುಲೈನಲ್ಲಿ ಅಷ್ಟು ದೊಡ್ಡ ರಾಜ್ಯವು ತನ್ನ ಸಾಲಗಾರರಿಗೆ ನಗದಿಗೆ ಬದಲಾಗಿ ಮುಂದೆ ಕೊಡುತ್ತೇವೆಂಬ ಚೀಟಿಗಳನ್ನು ಹಂಚಿತು.

ಈ ಸ್ಥಿತಿಯಲ್ಲಿ 2011ರಲ್ಲಿ ಮತ್ತೆ ಗವರ್ನರನಾಗಿ ಬಂದವನು ಅದೇ ಜೆರ್ರಿ ಬ್ರೌನ್. 1978ರಲ್ಲಿ ನಲವತ್ತರ ಯುವಕನಾಗಿದ್ದವನಿಗೆ ಈಗ ಎಪ್ಪತ್ತು ದಾಟಿತ್ತು. ತೆರಿಗೆಯ ಪ್ರಶ್ನೆಯನ್ನು ಜನರ ಮುಂದಿಡಲು ಅವನು ಶಾಸನಸಭೆಯಲ್ಲಿ ಬಯಸಿದ ಕೆಲವೇ ರಿಪಬ್ಲಿಕನ್ ಮತಗಳೂ ದೊರೆಯಲಿಲ್ಲ. ಆಗ ಅವನು ಜಾರ್ವಿಸನ ದಾರಿಯನ್ನೇ ಹಿಡಿದು, ಸಹಿಗಳನ್ನು ಸಂಗ್ರಹಿಸಿ, 30ನೆಯ ಪ್ರಸ್ತಾವವನ್ನು ಮತಕ್ಕೆ ತಂದನು: ಮಾರಾಟ ತೆರಿಗೆ ನಾಲ್ಕು ವರ್ಷಗಳ ಕಾಲ ನೂರಕ್ಕೆ ಕಾಲರಷ್ಟು ಹೆಚ್ಚಲಿ, ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗೆ ಮೀರಿದ ವರಮಾನದವರು ಏಳು ವರ್ಷ ಹೆಚ್ಚು ತೆರಲಿ, ಒಪ್ಪದಿದ್ದರೆ ಸುಮಾರು 600 ಕೋಟಿ ಡಾಲರಿನ ಕಡಿತ, ಅದರಲ್ಲಿ ಬಹುಪಾಲು ಶಾಲೆಗಳಿಗೆ. 2012ರ ನವೆಂಬರಿನಲ್ಲಿ ನೂರಕ್ಕೆ 55 ಮಂದಿ ಒಪ್ಪಿದರು. ಯಾರು ತೆರುವರು, ಏತಕ್ಕೆ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೇಳಿದಾಗ ಜನರು ತೆರಿಗೆಯನ್ನೂ ಒಪ್ಪುವರೆಂಬುದು ಸಿದ್ಧವಾಯಿತು. 2016ರಲ್ಲಿ ಶ್ರೀಮಂತರ ಮೇಲಿನ ತೆರಿಗೆಯ ಅವಧಿಯನ್ನು 2030ರವರೆಗೆ ಹೆಚ್ಚಿಸಲು ನೂರಕ್ಕೆ 63 ಮಂದಿ ಮತವಿತ್ತರು. 2020ರಲ್ಲಿ ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಮಾರುಕಟ್ಟೆಯ ಬೆಲೆ ಕಟ್ಟಿ 13ನೆಯ ಪ್ರಸ್ತಾವವನ್ನು ಸಡಿಲಿಸುವ ಯತ್ನವಾದರೋ ನೂರಕ್ಕೆ 52ರಷ್ಟು ವಿರೋಧದಿಂದ ಬಿದ್ದುಹೋಯಿತು.

ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಜನಮತ ಚಂಚಲವೆಂದು ತೋರುವುದಿಲ್ಲ. ಅದು ತನ್ನ ಪ್ರಶ್ನೆಗಳಿಗೆ ಉತ್ತರ ಕೇಳುತ್ತದೆ. ಉತ್ತರ ಬಾರದಿದ್ದರೆ ಕೊಡಲಿ ಎತ್ತುತ್ತದೆ. ಆಳುವವರು ಇದನ್ನು ಮರೆಯಬಾರದು. ಆದರೆ ಹೂವು ಮರೆಯಬಾರದ ಮಾತೊಂದುಂಟು. 1978ರಲ್ಲಿ ಬಹುಮತವು ಉಳಿಸಿಕೊಂಡ ಹಣವನ್ನು ತೆತ್ತವರು ಇನ್ನೂ ಮತವಿಲ್ಲದ ಶಾಲೆಯ ಮಕ್ಕಳು, ಇನ್ನೂ ಊರಿಗೆ ಬಾರದ ಹೊಸಬರು. 2012ರಲ್ಲಿ ಬಹುಮತವು ಒಪ್ಪಿದ ತೆರಿಗೆಯ ಮುಖ್ಯ ಹೊರೆ ಬಿದ್ದದ್ದು ಸಂಖ್ಯೆಯಲ್ಲಿ ಅತ್ಯಲ್ಪರಾದ ಶ್ರೀಮಂತರ ಮೇಲೆ. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ನ್ಯಾಯವೆಂದು ನನ್ನ ಎಣಿಕೆ, ಏಕೆಂದರೆ ಶ್ರೀಮಂತನಿಗೆ ಮತವೂ ಉಂಟು, ಮಾತೂ ಉಂಟು. ಮಕ್ಕಳಿಗೆ ಎರಡೂ ಇಲ್ಲ. ಬೊಕ್ಕಸದ ಬಾಗಿಲಲ್ಲಿ ನಿಲ್ಲುವ ಪ್ರಜೆ ಅರಸನ ಅಧಿಕಾರವನ್ನು ವಹಿಸಿಕೊಂಡಿದ್ದಾನೆ. ತನ್ನ ಬೆನ್ನ ಹಿಂದೆ ನಿಂತವರು ಯಾರೆಂದು ತಿರುಗಿ ನೋಡಬೇಕಾದ ಅರಸನ ಹೊಣೆಯೂ ಆ ಅಧಿಕಾರದೊಡನೆ ಅವನಿಗೇ ಬಂದಿದೆ.