ಎಣಿಸಿದವರ ಪುಸ್ತಕ, ಎಣಿಸಿಕೊಂಡವರ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ನಮ್ಮ ಘಟ್ಟದ ಮೇಲಿನ ಮೂರು ತಾಲೂಕುಗಳನ್ನು ಎಣಿಸಲು ಬಂದವರ ಸಾಲು ಉದ್ದವಿದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆ ಸುತ್ತಿ ಅಡಿಕೆ ತೋಟದ ಖರ್ಚುವೆಚ್ಚ ಕೇಳಿ ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ದೇಶಕ್ಕೆಲ್ಲ ಒಂದೇ ಕಾಲದ ಜನಗಣತಿ 1881ರಲ್ಲಿ ನಡೆಯಿತು, 1883ರಲ್ಲಿ ಕ್ಯಾಂಬೆಲ್ ಸಾಹೇಬನ ಕೆನರಾ ಗೆಜೆಟಿಯರ್ ಹೊರಬಂತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಲೆಕ್ಕವೂ ಆ ಬ್ರಿಟಿಷ್ ಆಡಳಿತದ್ದೇ. ನಮ್ಮ ಮನೆ, ಎತ್ತು, ಮರ, ಸೊಪ್ಪು ಎಲ್ಲ ಆ ದಪ್ಪ ಪುಸ್ತಕಗಳಲ್ಲಿ ಇದ್ದವು. ಪುಸ್ತಕ ಮಾತ್ರ ನಮ್ಮ ಊರಲ್ಲಿ ಇರಲಿಲ್ಲ.

ನಮ್ಮೂರು ನಂದೊಳ್ಳಿಯ ಮನೆಗಳಲ್ಲಿ ಇದ್ದದ್ದು ಅಂಕಲಿಪಿ. ಅಕ್ಷರ, ಮಗ್ಗಿ, ಕಾಲು-ಅರೆ-ಮುಕ್ಕಾಲರ ಲೆಕ್ಕ, ತೂಕದ ಕೋಷ್ಟಕ, ಎಲ್ಲ ಅದರಲ್ಲೇ. ವ್ಯವಹಾರಕ್ಕೆಂದು ಗಣಿತ ಬರೆಯುವ ರೂಢಿ ಕನ್ನಡದಲ್ಲಿ ಹಳೆಯದು. 12ನೇ ಶತಮಾನದ ರಾಜಾದಿತ್ಯನ ‘ವ್ಯವಹಾರ ಗಣಿತ’ ಆ ಜಾತಿಯದೇ. ಹದಿನಾರಾಣೆಯ ರೂಪಾಯಿ, ಮಣ, ಸೇರು ಇದ್ದ ಕಾಲದಲ್ಲಿ ಅರೆಪಾವಿನ ದರವನ್ನೂ ಬಾಯಲ್ಲೇ ಹೇಳುವವರು ನಮ್ಮಲ್ಲಿ ಇದ್ದರು. 1957ರಲ್ಲಿ ನಯಾಪೈಸೆ ಬಂತು, ಹಿಂದೆಯೇ ಕಿಲೋ ಬಂತು, ಆ ಮಗ್ಗಿಗಳು ಕೆಲಸ ಕಳಕೊಂಡವು. ಆದರೆ ಅಂಕಲಿಪಿ ಕಲಿಸಿದ್ದು ಲೆಕ್ಕ ತಪ್ಪದಂತೆ ಮಾಡುವುದನ್ನು. ಲೆಕ್ಕಕ್ಕೆ ಹಾಕಿದ ಅಂಕಿಯನ್ನೇ ನಂಬಬಹುದೇ ಎಂದು ಕೇಳುವ ವಿದ್ಯೆ ಬೇರೆ ಕಡೆಯಿಂದ ಬರಬೇಕಿತ್ತು.

ಅದರ ಮೊದಲ ಶಾಲೆ ಪೇಟೆ. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಟಿ.ಎಸ್.ಎಸ್., ಹುಟ್ಟಿತು. ಇಂದಿಗೂ ನಮ್ಮ ಜನ ಪೇಪರು ಬಿಡಿಸಿದರೆ ಮೊದಲು ನೋಡುವುದು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆ ಬಗೆಗಳ ದರವನ್ನು. ಕನಿಷ್ಠ, ಗರಿಷ್ಠ, ಸರಾಸರಿ ಎಂದು ಮೂರು ಕಾಲಂ. ಐದು ಲಾಟು ಮಾರಾಟವಾಯಿತೆನ್ನಿ. ಮೂರು 40 ಸಾವಿರಕ್ಕೆ, ಒಂದು 48ಕ್ಕೆ, ಮಳೆಗೆ ಸಿಕ್ಕಿ ಕಪ್ಪಾದ ಒಂದು 22ಕ್ಕೆ. ಕೂಡಿ ಭಾಗಿಸಿದರೆ ಸರಾಸರಿ 38 ಸಾವಿರ. ಆ ದರಕ್ಕೆ ಒಂದು ಲಾಟೂ ಹೋಗಿಲ್ಲ! ಅದಕ್ಕೇ ಹಳೆ ತೋಟಿಗರು ಸರಾಸರಿ ಬಿಟ್ಟು “ಹೆಚ್ಚಿನ್ದೆಲ್ಲ ಎಷ್ಟಕ್ಕೆ ಹೋತು?” ಎಂದೇ ಕೇಳುವರು. ಸಂಖ್ಯಾಶಾಸ್ತ್ರ ಅದನ್ನು ಬಹುಲಕ ಎನ್ನುತ್ತದೆ. ಫಸಲು ಗುತ್ತಿಗೆ ಹಿಡಿಯುವವನೂ ಹಾಗೆಯೇ. ಇಡೀ ತೋಟ ಎಣಿಸುವುದಿಲ್ಲ. ತೋಟದ ಮೇಲಿನ ಭಾಗದಲ್ಲಿ ನಾಲ್ಕು ಮರ, ನೀರು ನಿಲ್ಲುವ ತಗ್ಗಿನಲ್ಲಿ ನಾಲ್ಕು ಮರ ನೋಡಿ, ಕೊನೆ ಎಣಿಸಿ, ಮೊತ್ತ ಹೇಳುತ್ತಾನೆ. ತಗ್ಗು ಬಿಟ್ಟು ಎಣಿಸಿದರೆ ಗಂಟು ಕಳಕೊಳ್ಳುವುದು ಅವನೇ.

ನಾನು ಗ್ರಾಮಲೆಕ್ಕಿಗನಾಗಿ ಸೇರಿದಾಗ ಕೈಗೆ ಕೊಟ್ಟದ್ದು ಬೆಳೆ ಕಟಾವು ಪ್ರಯೋಗದ ಕೈಪಿಡಿ. ಅದಕ್ಕೂ ಮೊದಲು ಇದ್ದದ್ದು ಆಣೆವಾರಿ: ಗದ್ದೆಯ ಬದುವಿನಲ್ಲಿ ನಿಂತು, ಕಣ್ಣಂದಾಜಿನಲ್ಲಿ ‘ಈ ವರ್ಷ ಹತ್ತಾಣೆ ಬೆಳೆ’ ಎನ್ನುವುದು. ಅದನ್ನು ಕಿತ್ತುಹಾಕಲು ದೊಡ್ಡ ದೊಡ್ಡ ಸಂಖ್ಯಾಶಾಸ್ತ್ರಜ್ಞರು ದುಡಿದರು. ಕಲ್ಕತ್ತದಲ್ಲಿ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಮಹಲನೋಬಿಸ್ ಒಂದು ಕಡೆ, ಪಾನ್ಸೆ ಮತ್ತು ಸುಖಾತ್ಮೆ ಇನ್ನೊಂದು ಕಡೆ. ಇವರಿಬ್ಬರು ಕೃಷಿ ಕೆಲಸಗಾರರಿಗೆಂದೇ ಬರೆದ ಸಂಖ್ಯಾಶಾಸ್ತ್ರದ ಇಂಗ್ಲಿಷ್ ಪುಸ್ತಕ 1954ರಲ್ಲಿ ಬಂತು. ನಮ್ಮವರೇ ಆದ, ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಆ ಕಲ್ಕತ್ತದ ಸಂಸ್ಥೆಯಲ್ಲೇ ಜಗತ್ತಿಗೆ ಗುರುವಾದರು.

ಪ್ರಯೋಗ ಹೀಗೆ. ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ ನೋಡಿ ಸರ್ವೆ ನಂಬರ್ ಆರಿಸಬೇಕು. ಗದ್ದೆಗೆ ಹೋಗಿ ನೈಋತ್ಯ ಮೂಲೆಯಿಂದ ಉದ್ದ ಅಗಲ ಹೆಜ್ಜೆಯಲ್ಲಿ ಅಳೆಯಬೇಕು. ಮತ್ತೆ ಪಟ್ಟಿ ನೋಡಿ, ಅದು ಹೇಳಿದಷ್ಟು ಹೆಜ್ಜೆ ಉದ್ದಕ್ಕೆ, ಹೇಳಿದಷ್ಟು ಅಗಲಕ್ಕೆ ನಡೆದು ಗೂಟ ಹೊಡೆಯಬೇಕು. ಹಗ್ಗ ಬಿಗಿದು ಚೌಕ ಮಾಡಿ, ಒಳಗಿನ ಭತ್ತ ಕೊಯ್ದು, ಬಡಿದು, ತೂಗಿ, ಆಮೇಲೆ ಅದರಲ್ಲಿ ಸ್ವಲ್ಪ ತೆಗೆದು ಒಣಗಿಸಿ ಮತ್ತೆ ತೂಗಬೇಕು. ಬರದ ಪರಿಹಾರದ ಮಾತಿದ್ದ ವರ್ಷ ಗದ್ದೆಯ ಯಜಮಾನರು ಬಡ ಮೂಲೆ ತೋರಿಸುವರು. ಬೆಳೆ ಸ್ಪರ್ಧೆ ಇದ್ದರೆ “ತಮಾ, ಇಲ್ಲಿ ಬ್ಯಾಡ, ಆ ಬದಿಗೆ ಚೊಲೊ ಇದ್ದು” ಎನ್ನುವರು. ಪಟ್ಟಿ ಇರುವುದೇ ಇಬ್ಬರ ಕೈ ಕಟ್ಟಲಿಕ್ಕೆ, ಅವರದ್ದೂ ನನ್ನದೂ. ಅಂಥ ಮೊದಲ ಪಟ್ಟಿಯನ್ನು ಟಿಪ್ಪೆಟ್ ಎಂಬಾತ 1927ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ. 41,600 ಅಂಕಿಗಳು, ಅವನ್ನೂ ಜನಗಣತಿ ವರದಿಗಳಿಂದಲೇ ಹೆಕ್ಕಿದ್ದು. ನಮ್ಮ ಕೈಪಿಡಿಯಲ್ಲಿ ಗೂಟ ಎಲ್ಲಿ ಹೊಡೆಯಬೇಕೆಂದು ಇತ್ತು, ಯಾಕೆಂದು ಇರಲಿಲ್ಲ. ಯಾಕೆಂದು ತಿಳಿಯದ ಕೈಗೆ ಕಳ್ಳದಾರಿ ಹಿಡಿಯುವುದು ಸುಲಭ. ಮಳೆಗಾಲದಲ್ಲಿ ಜಗುಲಿಯಲ್ಲೇ ಕೂತು ಫಾರಂ ತುಂಬಿದ ಕತೆಗಳು ಎಲ್ಲ ಇಲಾಖೆಯಲ್ಲೂ ಇವೆ.

ಇದೆಲ್ಲ ಎಣಿಸುವವರ ಪಾಠ. ಎಣಿಸಿಕೊಂಡವರು ಪಾಠ ಕಲಿತದ್ದು ಎಪ್ಪತ್ತರ ದಶಕದಲ್ಲಿ. ದಾಂಡೇಲಿಯ ಕಾಗದ ಕಾರ್ಖಾನೆಗೆ ಕೊಟ್ಟ ಬಿದಿರು ಯಾಕೆ ಮುಗಿಯುತ್ತಿದೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ ಮತ್ತು ಸಂಗಡಿಗರು ಒಂದೊಂದೇ ಮೆಳೆ ಎಣಿಸಿ ನೋಡಿದರು. ಕಾಡಿನಲ್ಲಿರುವ ಬಿದಿರಿನ ಸರಕಾರಿ ಅಂದಾಜು ವಿಪರೀತ ಹೆಚ್ಚಿತ್ತು. ಇನ್ನೊಂದು: ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಏಳುತ್ತದೆ ಎಂಬುದು ಅರಣ್ಯಶಾಸ್ತ್ರದ ಮಾತಾಗಿತ್ತು. ಮುಳ್ಳು ತೆಗೆದರೆ ಕಳಲೆಯನ್ನು ದನ, ಕಾಡುಪ್ರಾಣಿ ತಿಂದು ಮುಗಿಸುತ್ತವೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಎಣಿಸಿದಾಗ ಹಳ್ಳಿಯವರ ಮಾತೇ ಸರಿಯಾಯಿತು.

ಆಮೇಲೆ ಬೇಡ್ತಿ. ನಮ್ಮೂರ ಹತ್ತಿರ ಮಾಗೋಡಿನಲ್ಲಿ ಧುಮುಕುವ ಹೊಳೆ ಅದು. ಅದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಗೆ ಎದುರಾಗಿ ತೋಟಿಗರು ಬರೀ ಮೆರವಣಿಗೆ ಮಾಡಲಿಲ್ಲ. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಕೂರಿಸಿ, ಯೋಜನೆಯ ಲಾಭ-ವೆಚ್ಚದ ಲೆಕ್ಕವನ್ನೇ ಬಿಚ್ಚಿಸಿದರು. ಮುಳುಗುವ ಒಂದು ಎಕರೆ ತೋಟವೆಂದರೆ ಅಡಿಕೆ ಮಾತ್ರವೇ? ಮರಕ್ಕೆ ಹಬ್ಬಿದ ಮೆಣಸು, ಕೆಳಗಿನ ಏಲಕ್ಕಿ, ಬಾಳೆ, ಹಿಂದಿನ ಬೆಟ್ಟ, ಇವೆಲ್ಲ ಯಾವ ಕಾಲಂನಲ್ಲಿ? ಅಲ್ಲಿಯ ಪ್ರಬಂಧಗಳು ಅದೇ ವರ್ಷ ಗಾಂಧಿ ಶಾಂತಿ ಪ್ರತಿಷ್ಠಾನದಿಂದ ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂದು ಪುಸ್ತಕವಾದವು. ಯೋಜನೆ ಮೂಲೆ ಸೇರಿತು. ನಮ್ಮ ಬಗೆಗಿನ ಅಂಕಿಗಳ ಪುಸ್ತಕಕ್ಕೆ ನಾವೇ ಆತಿಥ್ಯ ಕೊಟ್ಟದ್ದು ಅದೇ ಮೊದಲಿರಬೇಕು.

ಈಗ ಡೇಟಾ ಮನೆಬಾಗಿಲಿಗೇ ಬಂದಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಮೆಣಸಿನ ಪರಿಹಾರ ನಿಂತಿರುವುದು ಪಂಚಾಯ್ತಿಯ ಮಳೆಮಾಪಕದ ಅಂಕಿಯ ಮೇಲೆ. ತೋಟದಲ್ಲಿ ಕೊಳೆರೋಗ ಬಂದು ಅಡಿಕೆ ಉದುರಿದೆಯೋ ಇಲ್ಲವೋ ಎಂದು ಯಾರೂ ಬಂದು ನೋಡುವುದಿಲ್ಲ. ಆದ್ದರಿಂದ ಅಂಗಳದಲ್ಲಿ ಮಳೆ ಅಳೆದು ವಹಿಯಲ್ಲಿ ಬರೆದಿಡುವ ಮನೆಗಳಿಗೆ ಬೆಲೆ ಬಂದಿದೆ. ಮಾಪಕ ಮರದ ನೆರಳಿನಲ್ಲಿ ಇದೆಯೇ, ಕೆಟ್ಟ ದಿನದ ಅಂಕಿ ಸೊನ್ನೆಯೇ ಖಾಲಿಯೇ, ಖಾಲಿ ಇದ್ದರೆ ಯಾವ ಊರಿನ ಮಳೆ ತಂದು ತುಂಬಿದರು ಎಂದು ಕೇಳುವ ರೈತರು ಸಂಖ್ಯಾಶಾಸ್ತ್ರದ ನಡುಮನೆಯಲ್ಲೇ ಇದ್ದಾರೆ.

ಡೇಟಾ ಕೆಲಸ ಕಲಿಯಲು ಏನು ಓದಲಿ ಎಂದು ಊರ ಹುಡುಗರು ಕೇಳುತ್ತಾರೆ. ಪಿಯುಸಿ ಸಂಖ್ಯಾಶಾಸ್ತ್ರ ಓದಿದವರಿಗೆ ಸೂತ್ರ ಗೊತ್ತು, ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್ ಪಾಠ ಬೇಕಾದಷ್ಟಿದೆ, ಆರ್, ಪೈಥಾನ್ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಇಲ್ಲದ್ದು ಕನ್ನಡದಲ್ಲಿ ಒಂದು ತೆಳು ಅಭ್ಯಾಸಪುಸ್ತಕ. ಅದರಲ್ಲಿ ಸಹಕಾರಿ ಸಂಘದ ಹಳೆಯ ದರಪಟ್ಟಿ, ಒಂದು ಬೆಳೆ ಕಟಾವಿನ ಫಾರಂ, ಬೇಡ್ತಿಯ ಲಾಭ-ವೆಚ್ಚದ ಕೋಷ್ಟಕ, ಒಂದು ಮನೆಯ ಮಳೆ ವಹಿ ಮತ್ತು ಅದೇ ವರ್ಷದ ಮಾಪಕದ ಅಂಕಿ ಇರಲಿ. ಪ್ರತಿ ಪಾಠದ ಕೊನೆಗೆ ಉತ್ತರದ ಜೊತೆ ಈ ಅಂಕಿ ಯಾರು, ಎಲ್ಲಿ ನಿಂತು, ಏನು ಬಿಟ್ಟು ಎಣಿಸಿದರು ಎಂದೂ ಬರೆಯಿಸಲಿ. ಎರಡಕ್ಕೂ ಸಮ ಅಂಕ ಕೊಡಲಿ.