ಎಂಟು ಶಿಲಿಂಗಿನ ಪರೀಕ್ಷೆ

ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂಬ ಸುದ್ದಿ ಮುಟ್ಟಿದರೆ ಹಳ್ಳಿಯ ಶಾಲೆಯ ಚಹರೆಯೇ ಬದಲಾಗುತ್ತಿತ್ತು. ಅಂಗಳಕ್ಕೆ ನೀರು, ಬಾಗಿಲಿಗೆ ತೋರಣ, ಮಕ್ಕಳ ಮೈಮೇಲೆ ಒಗೆದ ಅಂಗಿ. ಅದುವರೆಗೆ ಎಲ್ಲಿತ್ತೋ ತಿಳಿಯದ ಪಾಠ ಟಿಪ್ಪಣಿ ಪುಸ್ತಕ ಮೇಷ್ಟರ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತಿತ್ತು. ಚುರುಕಿನ ನಾಲ್ಕು ಹುಡುಗರು ಮುಂದಿನ ಸಾಲಿಗೆ, ಮಿಕ್ಕವರು ಹಿಂದಕ್ಕೆ. ಈ ಚಿತ್ರವನ್ನು ನೆನೆದು ನಗುವವರು ಇಂದಿಗೂ ಇದ್ದಾರೆ. ಆದರೆ ಆ ದಿನ ಮೇಷ್ಟರಿಗಿದ್ದ ಅಂಜಿಕೆಗೆ ದೊಡ್ಡ ಇತಿಹಾಸವೇ ಉಂಟು. ಅದರ ಒಂದು ತುದಿ 1862ರ ಲಂಡನ್ನಿನಲ್ಲಿದೆ.

ಬಡವರ ಮಕ್ಕಳ ಶಾಲೆಗಳಿಗೆ ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಅನುದಾನ ವರ್ಷವರ್ಷವೂ ಏರುತ್ತಿದ್ದ ಕಾಲ ಅದು. ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಲೆಕ್ಕದ ಮನುಷ್ಯ. ಹೊಸ ವ್ಯವಸ್ಥೆ ಅಗ್ಗವಾಗಿರದಿದ್ದರೆ ದಕ್ಷವಾಗಿರುತ್ತದೆ, ದಕ್ಷವಾಗಿರದಿದ್ದರೆ ಅಗ್ಗವಾಗಿಯಾದರೂ ಇರುತ್ತದೆ ಎಂಬುದು ಪಾರ್ಲಿಮೆಂಟಿಗೆ ಆತ ಕೊಟ್ಟ ಭರವಸೆ. ಅವನು ತಂದ ಪರಿಷ್ಕೃತ ಸಂಹಿತೆ ಅನುದಾನದ ಬಹುಭಾಗವನ್ನು ಪರೀಕ್ಷೆಗೆ ಕಟ್ಟಿಹಾಕಿತು. ವರ್ಷದಲ್ಲಿ ಇಷ್ಟು ಹಾಜರಿ ಇದ್ದು, ಓದು, ಬರಹ, ಲೆಕ್ಕ ಮೂರರಲ್ಲೂ ತೇರ್ಗಡೆಯಾದ ಮಗುವಿಗೆ 8 ಶಿಲಿಂಗ್. ಒಂದರಲ್ಲಿ ತಪ್ಪಿದರೆ 2 ಶಿಲಿಂಗ್ 8 ಪೆನ್ಸ್ ಕಡಿತ, ಅಂದರೆ ಸರಿಯಾಗಿ ಮೂರರಲ್ಲೊಂದು ಪಾಲು. ಅದುವರೆಗೆ ಸರ್ಕಾರದಿಂದ ನೇರವಾಗಿ ಒಂದಿಷ್ಟು ಹಣ ಪಡೆಯುತ್ತಿದ್ದ ಉಪಾಧ್ಯಾಯ ಇನ್ನು ಶಾಲೆಯ ಆಡಳಿತ ಮಂಡಳಿಯ ಮುಂದೆ ಕೈಯೊಡ್ಡಬೇಕಾಯಿತು.

ಪರೀಕ್ಷೆಗೆ ಆರು ಮಟ್ಟಗಳು. ಮೊದಲ ಮಟ್ಟದ ಮಗು ಕಪ್ಪುಹಲಗೆಯ ಮೇಲೋ ಸ್ಲೇಟಿನ ಮೇಲೋ ಅಕ್ಷರ ಬರೆದು, 20ರವರೆಗೆ ಅಂಕಿ ಗುರುತಿಸಬೇಕು. ಆರನೆಯ ಮಟ್ಟಕ್ಕೆ ಬಂದವನು ದಿನಪತ್ರಿಕೆಯ ಒಂದು ಸಾಧಾರಣ ಪ್ಯಾರಾ ಓದಿದರೆ ಸಾಕು. ಕೂಲಿಯವನ ಮಗನಿಗೆ ವಿದ್ಯೆಯ ತುತ್ತತುದಿ ಎಂದರೆ ಇಷ್ಟೇ ಎಂದು ಸರ್ಕಾರ ಬರೆದುಕೊಟ್ಟಂತಾಯಿತು.

ಮುಂದೆ ಆದದ್ದನ್ನು ಊಹಿಸುವುದು ಕಷ್ಟವಲ್ಲ. ಚರಿತ್ರೆ, ಭೂಗೋಳಗಳಿಗೆ ದುಡ್ಡಿಲ್ಲ, ಆದ್ದರಿಂದ ಪಾಠವೂ ಇಲ್ಲ. ಓದಿನ ಪುಸ್ತಕ ಒಂದೇ, ವರ್ಷವಿಡೀ ಅದನ್ನೇ ಉರುಹೊಡೆಸುವುದು. ಪುಸ್ತಕವನ್ನು ತಲೆಕೆಳಗೆ ಹಿಡಿದು ಗಡಗಡ ‘ಓದುತ್ತಿದ್ದ’ ಮಕ್ಕಳ ಕಥೆಗಳು ಆ ಕಾಲದ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದವು. ಕವಿ ಮ್ಯಾಥ್ಯೂ ಆರ್ನಾಲ್ಡ್ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಶಾಲಾ ಇನ್‌ಸ್ಪೆಕ್ಟರ್ ಕೆಲಸವನ್ನೇ. 35 ವರ್ಷ ಶಾಲೆಯಿಂದ ಶಾಲೆಗೆ ಅಲೆದ ಈ ಮನುಷ್ಯ ತನ್ನ ವರದಿಗಳಲ್ಲಿ ತನ್ನ ಇಲಾಖೆಯನ್ನೇ ಟೀಕಿಸಿದ. ನಿಜವಾಗಿ ಓದಲು, ಬರೆಯಲು, ಲೆಕ್ಕ ಮಾಡಲು ಬಾರದ ಮಕ್ಕಳನ್ನೂ ಈ ಮೂರರಲ್ಲಿ ತೇರ್ಗಡೆ ಮಾಡಿಸಬಹುದು ಎಂಬುದು ಆತನ ದೂರಿನ ಸಾರ. ಲೋನ ಲೆಕ್ಕವೇನೋ ಸುಳ್ಳಾಗಲಿಲ್ಲ. 8 ಲಕ್ಷ ಪೌಂಡು ಮೀರಿದ್ದ ಅನುದಾನ 1865ರ ಹೊತ್ತಿಗೆ ಆರೂವರೆ ಲಕ್ಷದೊಳಗೆ ಇಳಿಯಿತು.

ಈ ಪದ್ಧತಿ ಹಡಗು ಹತ್ತಿ ಇಲ್ಲಿಗೂ ಬಂತು. ಮದ್ರಾಸು, ಮುಂಬಯಿ ಪ್ರಾಂತಗಳೆರಡರಲ್ಲೂ ‘ಫಲಿತಾಂಶ ನೋಡಿ ಅನುದಾನ’ ಜಾರಿಯಾಯಿತು. ಕನ್ನಡ ನಾಡು ಆಗ ಹರಿದು ಹಂಚಿತ್ತಷ್ಟೆ. ಮಂಗಳೂರು, ಬಳ್ಳಾರಿ ಮದ್ರಾಸಿನ ಪಾಲು, ಧಾರವಾಡ, ಬೆಳಗಾವಿ ಮುಂಬಯಿಯ ಪಾಲು. ಜಗಲಿಯ ಮೇಲೆ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ಊರವರು ಕೊಡುತ್ತಿದ್ದ ಕಾಳುಕಡ್ಡಿಯೇ ಸಂಬಳವಾಗಿತ್ತು. ಅಂಥ ಶಾಲೆಗಳನ್ನು ಸರ್ಕಾರದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಈ ಅನುದಾನ ಒಳ್ಳೆಯ ಉಪಾಯವೆಂದು ಅಧಿಕಾರಿಗಳಿಗೆ ಕಂಡಿತು. 1882ರ ಹಂಟರ್ ಆಯೋಗವೂ ತಲೆಯಾಡಿಸಿತು. ಊರಿಗೆ ಉತ್ತರ ಕೊಡುತ್ತಿದ್ದ ಐಗಳು ಈಗ ವರ್ಷಕ್ಕೊಮ್ಮೆ ಕುದುರೆಯ ಮೇಲೋ ಗಾಡಿಯಲ್ಲೋ ಬರುವ ಅಧಿಕಾರಿಗೆ ಉತ್ತರ ಕೊಡಬೇಕಾಯಿತು. ಹಾಗೆಂದು ಬಂದವರೆಲ್ಲ ಯಮದೂತರೇ ಆಗಿರಲಿಲ್ಲ. ಮರಾಠಿಯ ದಟ್ಟಣೆಯ ನಡುವೆ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ ಎಂಬ ಹುದ್ದೆಯೇ ಬಿರುದಿನಂತೆ ಅಂಟಿಕೊಂಡು ಉಳಿದಿದೆ.

ಇಂಗ್ಲೆಂಡ್ 1890ರ ದಶಕದಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು. ಇಲ್ಲಿ ಕರ್ಜನ್ನನ ಸರ್ಕಾರ 1904ರ ಶಿಕ್ಷಣ ನಿರ್ಣಯದಲ್ಲಿ ಅದಕ್ಕೆ ಎಳ್ಳುನೀರು ಬಿಟ್ಟಿತು. ಪರೀಕ್ಷೆಯ ಹಿಡಿತ ಸಡಿಲವಾದ ಜಾಗಕ್ಕೆ ಜರ್ಮನಿಯಿಂದ ಇನ್ನೊಂದು ವಿಚಾರ ಬಂದು ಕೂತಿತು. ಹೊಸದನ್ನು ಮಗು ತನಗೆ ಮೊದಲೇ ಗೊತ್ತಿರುವುದರ ಜೊತೆ ಹೆಣೆದುಕೊಂಡೇ ಕಲಿಯುತ್ತದೆ ಎಂದವನು ತತ್ತ್ವಜ್ಞಾನಿ ಹರ್ಬಾರ್ಟ್. ಅವನು ತೀರಿಕೊಂಡದ್ದು 1841ರಲ್ಲಿ. ಅವನ ಶಿಷ್ಯ ಪರಂಪರೆಯ ಜಿಲ್ಲರ್ ಮತ್ತು ರೈನ್ ಈ ಮಾತನ್ನು ಐದು ಮೆಟ್ಟಿಲುಗಳಾಗಿ ಕಡೆದರು: ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಟ್ರೇನಿಂಗ್ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಉಪಾಧ್ಯಾಯರು ಗೆರೆ ಎಳೆದ ಪುಸ್ತಕದಲ್ಲಿ ಬರೆದ ಪಾಠ ಯೋಜನೆ ಇದರ ಸಂತಾನ. ಮೊದಲು ಮಗುವಿಗೆ ಏನು ಗೊತ್ತಿದೆ ಎಂದು ಕೇಳು, ಆಮೇಲೆ ಪಾಠ ತೆಗೆ ಎಂಬ ಮಾತಿನಲ್ಲಿ ದೋಷವೇನೂ ಇಲ್ಲ. ಲೋನ ಸಂಹಿತೆಗಿಂತ ಅದು ಎಷ್ಟೋ ಮಾನವೀಯ. ಆದರೆ ಐದು ಮೆಟ್ಟಿಲು ಐದು ಕಲಮುಗಳಾಗಿ, ಕಲಮು ತುಂಬಿಸಿ ಸಹಿ ಹಾಕಿಸುವುದೇ ಕೆಲಸವಾದಾಗ ಯೋಜನೆ ಮತ್ತೆ ಮಗುವಿನ ಕೈತಪ್ಪಿ ತಪಾಸಣೆಯವರ ಪಾಲಾಯಿತು.

ಪಾಠ ಯೋಜನೆಗೂ ಪರೀಕ್ಷೆಗೂ ಗಂಟು ಹಾಕುವ ಗಂಭೀರ ಯತ್ನ ನಡೆದದ್ದು ಸ್ವಾತಂತ್ರ್ಯದ ನಂತರ. ಕಲಿಕೆಯ ಉದ್ದೇಶಗಳನ್ನು ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸಿ 1956ರಲ್ಲಿ ಗ್ರಂಥ ಹೊರತಂದಿದ್ದ ಷಿಕಾಗೋದ ಬೆಂಜಮಿನ್ ಬ್ಲೂಮ್ ಆ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ಕಾರ್ಯಾಗಾರಗಳನ್ನು ನಡೆಸಿದರು. ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಶಬ್ದಗಳೂ, ಯಾವುದಕ್ಕೆ ಎಷ್ಟು ಅಂಕವೆಂದು ತೋರಿಸುವ ‘ನೀಲನಕ್ಷೆ’ಯೂ ನಮ್ಮ ಉಪಾಧ್ಯಾಯರ ಬಾಯಿಗೆ ಬಂದ ಹಾದಿ ಇದು. ಎಸ್‌.ಎಸ್‌.ಎಲ್‌.ಸಿ. ಗೈಡುಗಳು ಮಾತ್ರ ಆ ನಕ್ಷೆಯನ್ನೂ ಬಲುಬೇಗ ಜೀರ್ಣಿಸಿಕೊಂಡವು.

ಬೇರೆ ದಾರಿಯೊಂದು ತೆರೆದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿಯಲ್ಲಿ ಕಂಡದ್ದನ್ನು ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ತಮ್ಮ ತರಗತಿಗೆ ಒಗ್ಗಿಸಿಕೊಂಡರು. ಪಾಠಗಳನ್ನು ಕಾರ್ಡುಗಳಾಗಿ ಬಿಡಿಸಿ, ಗೋಡೆಯ ಮೇಲೆ ಕಲಿಕೆಯ ಏಣಿ ತೂಗುಹಾಕಿದರು. ಒಂದೊಂದು ಮಗುವೂ ತನ್ನ ವೇಗದಲ್ಲಿ ಏರಬಹುದು. ಮೌಲ್ಯಮಾಪನಕ್ಕೂ ಏಣಿಯಲ್ಲೇ ಒಂದು ಕಾರ್ಡು. ನಾಲ್ಕು ದಿನ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಿತ್ತು. ಸುಗ್ಗಿಗೆ, ದನಕ್ಕೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಮಕ್ಕಳ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 2009–10ರಲ್ಲಿ ‘ನಲಿ-ಕಲಿ’ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿ ಮುಗಿಯುವತನಕ ಮಂಡಳಿ ಪರೀಕ್ಷೆ ಕೂಡದೆಂದಿತು, ನಿರಂತರ ಮೌಲ್ಯಮಾಪನ ಬೇಕೆಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಿಗೆ ಪರೀಕ್ಷೆಯನ್ನು ಮರಳಿ ತಂದಿತು. ಕರ್ನಾಟಕ ಅದನ್ನು ‘ಮೌಲ್ಯಾಂಕನ’ ಎಂದು ಕರೆಯಿತು. ವಿವಾದ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಣೆಗೆ ತಡೆ ನೀಡಿದಾಗ ಮಕ್ಕಳು ಪರೀಕ್ಷೆ ಬರೆದು ಮನೆ ಸೇರಿಯಾಗಿತ್ತು.