ಅಳುವುದಕ್ಕೂ ಒಂದು ಶಾಸ್ತ್ರ

2021ರಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ಕೊರೋನಾ ಕಾಲ, ವೈಕುಂಠ ಸಮಾರಾಧನೆಗೆ ಇದ್ದದ್ದು ಹತ್ತು ಹನ್ನೆರಡು ಜನ ಅಷ್ಟೇ. ಊಟ ಮುಗಿದ ಮೇಲೆ ಪುರೋಹಿತರು ಕೂತು ವರ್ಷದ ಮಾಸಿಕಗಳ ತಾರೀಖು ಬರೆದುಕೊಡುತ್ತಿದ್ದರು. ಗೋಡೆಗೊರಗಿ ಕೂತಿದ್ದ ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ, "ನನ್ನ ಮಗನಿಗೂ ಒಂದು ದಿನ ಅಂತ ಬರೆದುಕೊಡೋಕೆ ಆಗಲ್ವಾ?" ಅಂದಳು.

ಪುರೋಹಿತರಿಗೆ ಅರ್ಥವಾಗಲಿಲ್ಲ. ನಮಗೆಲ್ಲ ಆಗಿತ್ತು. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ನಮ್ಮಮ್ಮನೇ ಮೆಲ್ಲಗೆ ವಿಷಯ ಹೇಳಿದರು. ಪುರೋಹಿತರು, "ಉಪನಯನ ಆಗದ ಮಕ್ಕಳಿಗೆ ಅದೆಲ್ಲ ಇಲ್ಲಮ್ಮಾ" ಅಂದರು. ಒರಟಾಗೇನೂ ಹೇಳಲಿಲ್ಲ, ಪಾಪ. ನಮ್ಮಲ್ಲಿ ಇರುವ ಪದ್ಧತಿಯನ್ನೇ ಹೇಳಿದರು. ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದಳು.

1981ರ ಫೆಬ್ರವರಿ 7, ಶನಿವಾರ. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು ತೊಂಬತ್ತಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮಕ್ಕಳು. ಪಕ್ಕದ ಮನೆಯವರ ಜೊತೆ ಸರ್ಕಸ್ಸಿಗೆ ಹೋಗಿದ್ದ ನಮ್ಮ ಚಿಕ್ಕಮ್ಮನ ಮಗನೂ ಅದರಲ್ಲಿ ಒಬ್ಬ. ಅವನಿಗೆ ಏಳು ವರ್ಷ, ನನಗೆ ಒಂಬತ್ತು. ಆಮೇಲೆ ದೊಡ್ಡವರು ನಮ್ಮನ್ನೆಲ್ಲ ಕೂರಿಸಿಕೊಂಡು ಒಂದೇ ಮಾತು ಹೇಳಿದ್ದರು: "ಅವಳ ಮುಂದೆ ಅವನ ಹೆಸರು ಎತ್ತಬೇಡಿ. ಮರೀಲಿ ಪಾಪ." ನಾವು ಎಷ್ಟು ವಿಧೇಯ ಮಕ್ಕಳು ಅಂದರೆ, ನಲವತ್ತು ವರ್ಷ ಎತ್ತಲಿಲ್ಲ!

ಆ ದಿನದಿಂದ ನನಗೊಂದು ಹುಳ ಹೊಕ್ಕಿತು. ಹೀಗೆ ಹೆಸರು ಎತ್ತದೇ ಇರುವುದು ಒಳ್ಳೆಯದು ಅಂತ ಯಾರು ಹೇಳಿದ್ದು? ಸತ್ತವರ ಮನೆಯವರ ದುಃಖವನ್ನು ಯಾರಾದರೂ ಕೂತು ಕ್ರಮವಾಗಿ ನೋಡಿದ್ದಾರಾ? ಹುಡುಕುತ್ತಾ ಹೋದರೆ ಆ ಕಥೆಯೂ ಒಂದು ಶನಿವಾರದ ಬೆಂಕಿಗೇ ಹೋಗಿ ಮುಟ್ಟಿತು. ನಾನು ಮನಶ್ಶಾಸ್ತ್ರ ಓದಿದವನಲ್ಲ, ಓದಿ ತಿಳಿದದ್ದನ್ನು ಹಂಚಿಕೊಳ್ಳುತ್ತಿದ್ದೇನೆ ಅಷ್ಟೇ.

1942ರ ನವೆಂಬರ್ 28. ಅಮೆರಿಕದ ಬಾಸ್ಟನ್ ನಗರ, ಯುದ್ಧದ ಕಾಲ. ಕೋಕೋನಟ್ ಗ್ರೋವ್ ಅನ್ನುವ ನೈಟ್‌ಕ್ಲಬ್ಬಿನಲ್ಲಿ ಸುಮಾರು ಸಾವಿರ ಜನ ಕಿಕ್ಕಿರಿದಿದ್ದರು. ಅಲ್ಲಿ ಹಿಡಿಸುವುದು ಅದರ ಅರ್ಧದಷ್ಟು ಜನ ಮಾತ್ರ. ಅಲಂಕಾರಕ್ಕೆ ಕೃತಕ ತಾಳೆಮರಗಳು, ಮಾಳಿಗೆಗೆ ಬಟ್ಟೆ. ನೆಲಮಾಳಿಗೆಯ ಬಾರಿನಲ್ಲಿ ಹತ್ತಿದ ಬೆಂಕಿ ಕೆಲವೇ ನಿಮಿಷಗಳಲ್ಲಿ ಎಲ್ಲ ಕಡೆ ಹಬ್ಬಿತು. ಮುಂಬಾಗಿಲು ಗಿರಗಿರ ತಿರುಗುವ ಬಾಗಿಲು, ಜನ ನುಗ್ಗಿದ್ದೇ ತಡ ಸಿಕ್ಕಿಹಾಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಕ್ಕೆ ತೆರೆಯುವಂಥವು. 492 ಜನ ಸತ್ತರು.

ಗಾಯಾಳುಗಳಲ್ಲಿ ಕೆಲವರನ್ನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ತಂದರು. ಸುಟ್ಟಗಾಯದ ಚಿಕಿತ್ಸೆಯ ಚರಿತ್ರೆಯಲ್ಲಿ ಆ ದಿನಗಳಿಗೆ ದೊಡ್ಡ ಹೆಸರಿದೆ. ಆಗಷ್ಟೇ ತಯಾರಾಗುತ್ತಿದ್ದ ಪೆನಿಸಿಲಿನ್ ಅನ್ನು ಅಲ್ಲಿ ಬಳಸಿದರು. ಆದರೆ ಡಾಕ್ಟರುಗಳಿಗೆ ಬೇರೊಂದು ತೊಂದರೆ ಎದುರಾಯಿತು. ಗಾಯ ಮಾಯುತ್ತಿದ್ದರೂ ಕೆಲವರು ಚೇತರಿಸಿಕೊಳ್ಳುತ್ತಿರಲಿಲ್ಲ. ಜೊತೆಗೆ ಬಂದ ಹೆಂಡತಿಯೋ ಗಂಡನೋ ಒಳಗೇ ಉಳಿದುಹೋಗಿದ್ದರು. ಆಸ್ಪತ್ರೆಯ ಮನೋವೈದ್ಯ ವಿಭಾಗದವರನ್ನು ಕರೆದರು. ಆ ವಿಭಾಗದಲ್ಲಿ ಎರಿಕ್ ಲಿಂಡೆಮನ್ ಇದ್ದ.

ಈತ ಹುಟ್ಟಿದ್ದು ಜರ್ಮನಿಯಲ್ಲಿ, 1900ರಲ್ಲಿ. ಮನಶ್ಶಾಸ್ತ್ರ, ವೈದ್ಯಶಾಸ್ತ್ರ ಎರಡನ್ನೂ ಓದಿಕೊಂಡು ಅಮೆರಿಕಕ್ಕೆ ಬಂದವನು. ಅಲ್ಲಿಯತನಕ ಶೋಕದ ಬಗ್ಗೆ ವೈದ್ಯರ ಕೈಯಲ್ಲಿ ಇದ್ದ ಮುಖ್ಯ ಬರಹ ಅಂದರೆ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧ. ಶೋಕ ಕಾಯಿಲೆಯಲ್ಲ, ಕಾಲ ಸರಿದಂತೆ ತಾನೇ ಇಳಿಯುತ್ತದೆ, ನಡುವೆ ಕೈ ಹಾಕಬಾರದು ಅನ್ನುವುದು ಅದರ ನಿಲುವು. ಲಿಂಡೆಮನ್ ಮಾಡಿದ ಹೊಸ ಕೆಲಸ ಬಹಳ ಸರಳ. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಕೇಳಿದ. ಕೇಳಿದ್ದನ್ನು ಬರೆದುಕೊಂಡ.

ಬೆಂಕಿಯಲ್ಲಿ ತಮ್ಮವರನ್ನು ಕಳೆದುಕೊಂಡವರು, ಆಸ್ಪತ್ರೆಯಲ್ಲಿ ತೀರಿಕೊಂಡ ರೋಗಿಗಳ ಬಂಧುಗಳು, ಸೈನಿಕರ ಮನೆಯವರು, ಹೀಗೆ 101 ಜನರನ್ನು ಕಂಡು 1944ರಲ್ಲಿ ಒಂದು ಲೇಖನ ಪ್ರಕಟಿಸಿದ. ದುಃಖ ಅಲೆಯಲೆಯಾಗಿ ಬರುತ್ತದೆ, ಒಂದೊಂದು ಅಲೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆ. ಗಂಟಲು ಕಟ್ಟುತ್ತದೆ, ಹೊಟ್ಟೆ ಖಾಲಿ ಖಾಲಿ ಅನ್ನಿಸುತ್ತದೆ, ನಿಟ್ಟುಸಿರು ಬರುತ್ತದೆ, ಕೈಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಹೋದವರ ಚಿತ್ರ ಕಣ್ಣ ಮುಂದೆ. ನಾನು ಹಾಗೆ ಮಾಡಿದ್ದರೆ ಉಳೀತಿದ್ದರೇನೋ ಅನ್ನುವ ಅಪರಾಧ ಭಾವ. ಸಮಾಧಾನ ಹೇಳಲು ಬಂದವರ ಮೇಲೇ ಸಿಟ್ಟು. ನಿತ್ಯದ ಕೆಲಸಗಳ ಎಳೆ ತಪ್ಪಿಹೋಗುವುದು. ಇದನ್ನು ಓದುವಾಗ ನನಗೆ 1981ರ ಚಿಕ್ಕಮ್ಮ ಕಣ್ಣಿಗೆ ಕಟ್ಟಿದಳು. ಒಲೆಯ ಮೇಲೆ ಹಾಲಿಟ್ಟು ನಿಂತಲ್ಲೇ ನಿಂತಿರುತ್ತಿದ್ದಳು, ಹಾಲು ಉಕ್ಕಿ ಹರಿದರೂ. ತಲೆ ಸರಿಯಿಲ್ಲ ಅಂತ ಮನೆಯಲ್ಲಿ ಪಿಸುಮಾತು ಬೇರೆ.

ಆ ಬೆಂಕಿಯಲ್ಲಿ ಬದುಕುಳಿದ ಒಬ್ಬನ ಕಥೆ ಲೇಖನದಲ್ಲಿದೆ. ಹೆಂಡತಿಯನ್ನು ಉಳಿಸಿಕೊಳ್ಳಲಾಗಲಿಲ್ಲ ಅನ್ನುವುದು ಅವನನ್ನು ಕೊರೆಯುತ್ತಿತ್ತು. ಸಣ್ಣಪುಟ್ಟ ಗಾಯ ವಾಸಿಯಾಗಿ ಮನೆಗೆ ಹೋಗಿದ್ದವನು ಮನಸ್ಸು ಕೆಟ್ಟು ಮತ್ತೆ ಆಸ್ಪತ್ರೆಗೆ ಬಂದ, ಅಲ್ಲೇ ಪ್ರಾಣ ಕಳೆದುಕೊಂಡ. ದುಃಖ ತಾನಾಗಿಯೇ ಇಳಿಯುತ್ತದೆ ಅಂತ ಎಲ್ಲರ ವಿಷಯದಲ್ಲೂ ಕೈಕಟ್ಟಿ ಕೂರಲಾಗದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇನ್ನೊಂದು ವಿಚಿತ್ರ ಸಂಗತಿಯೂ ಅದರಲ್ಲಿದೆ. ಯುದ್ಧಕ್ಕೆ ಹೋದ ಗಂಡ ಬರುವುದೇ ಇಲ್ಲ ಅಂತ ಮನಸ್ಸಿನಲ್ಲೇ ಎಲ್ಲ ಅತ್ತು ಮುಗಿಸಿದ್ದಳು ಒಬ್ಬ ಹೆಂಡತಿ. ಅವನು ಜೀವಂತ ಮರಳಿದಾಗ ಅವಳ ಮನಸ್ಸಿನಲ್ಲಿ ಅವನಿಗೆ ಜಾಗವೇ ಉಳಿದಿರಲಿಲ್ಲ! ಸಾವಿಗೆ ಮೊದಲೇ ಬರುವ ಈ ಶೋಕವನ್ನು ಗುರುತಿಸಿ ಹೆಸರು ಕೊಟ್ಟವನೂ ಲಿಂಡೆಮನ್ನನೇ.

ಶೋಕ ಅನ್ನುವುದು ಒಂದು ಕೆಲಸ, ಅದನ್ನು ಮಾಡಿ ಮುಗಿಸಲೇಬೇಕು, ತಪ್ಪಿಸಿಕೊಂಡರೆ ಮುಂದೆ ಬೇರೆ ರೂಪದಲ್ಲಿ ಕಾಡುತ್ತದೆ ಅನ್ನುವುದು ಆತನ ತೀರ್ಮಾನ. ಆ ಕೆಲಸ ಏನು? ಹೋದವರ ಕಟ್ಟಿನಿಂದ ಬಿಡಿಸಿಕೊಳ್ಳುವುದು, ಅವರಿಲ್ಲದ ಮನೆಗೆ ಹೊಂದಿಕೊಳ್ಳುವುದು, ಹೊಸ ಸಂಬಂಧ ಕಟ್ಟಿಕೊಳ್ಳುವುದು. ಎಂಟು ಹತ್ತು ಸಲ ಕೂತು ಮಾತಾಡಿದರೆ ನಾಲ್ಕರಿಂದ ಆರು ವಾರದಲ್ಲಿ ಸುಧಾರಿಸಬಹುದು ಅಂತಲೂ ಬರೆದ. ಇದಕ್ಕೆ ಡಾಕ್ಟರೇ ಬೇಕೆಂದಿಲ್ಲ, ಪಾದ್ರಿಗಳಂಥವರೂ ಮಾಡಬಹುದು ಅಂದ. 1948ರಲ್ಲಿ ಬಾಸ್ಟನ್ ಪಕ್ಕದ ವೆಲ್ಸ್‌ಲಿ ಊರಿನಲ್ಲಿ, ಕಷ್ಟದಲ್ಲಿರುವ ಸಾಮಾನ್ಯ ಜನ ಹುಚ್ಚಾಸ್ಪತ್ರೆಯ ಹೆದರಿಕೆ ಇಲ್ಲದೆ ಬಂದು ಮಾತಾಡಬಹುದಾದ ಒಂದು ಕೇಂದ್ರ ತೆರೆದ. 1974ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಕೊನೆಯ ದಿನಗಳಲ್ಲಿ ತನ್ನದೇ ಸಾವಿನ ಶೋಕದ ಬಗ್ಗೆಯೂ ಮಾತಾಡಿದ್ದ.

ಸರಿ, ಆತ ಹೇಳಿದ್ದೆಲ್ಲ ನಿಜವಾ? ಇಲ್ಲ. ಆರು ವಾರದ ಲೆಕ್ಕ ನಿಲ್ಲಲಿಲ್ಲ. ಮಗು ಕಳೆದುಕೊಂಡವರನ್ನು ಕೇಳಿ, ಆರು ವಾರ ಅಂದರೆ ನಗುತ್ತಾರೆ. ಅದಕ್ಕಿಂತ ದೊಡ್ಡದು, ಕಟ್ಟು ಬಿಡಿಸಿಕೊಳ್ಳಬೇಕು ಅನ್ನುವ ಮಾತು. ಅದು ಬದಲಾದ ರೀತಿ ನೋಡಿ, ನನಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ಅದೇ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮುಂದೆ ವಿಲಿಯಂ ವರ್ಡನ್ ಅನ್ನುವ ಮನಶ್ಶಾಸ್ತ್ರಜ್ಞ ಕೆಲಸ ಮಾಡಿದರು. ವೃತ್ತಿಜೀವನದ ಬಹುಭಾಗವನ್ನು ಸಾವು, ಅಗಲಿಕೆಗಳ ಜೊತೆಯೇ ಕಳೆದವರು. 1982ರಲ್ಲಿ ಶೋಕದಲ್ಲಿರುವವರಿಗೆ ನೆರವಾಗುವವರಿಗಾಗಿ ಒಂದು ಪಠ್ಯಪುಸ್ತಕ ಬರೆದರು. ಶೋಕಕ್ಕೆ ನಾಲ್ಕು ಕೆಲಸಗಳಿವೆ ಅಂದರು. ನಾಲ್ಕನೆಯದು, ಹೋದವರ ಮೇಲಿಟ್ಟ ಮನಸ್ಸನ್ನು ಹಿಂದಕ್ಕೆ ತೆಗೆದುಕೊಂಡು ಬೇರೆಡೆ ತೊಡಗಿಸುವುದು. ಆಮೇಲೆ ಫಿಲ್ಲಿಸ್ ಸಿಲ್ವರ್‌ಮನ್ ಅವರ ಜೊತೆ, ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ 125 ಮಕ್ಕಳನ್ನು ಅಧ್ಯಯನ ಮಾಡಿದರು. ಆ ಮಕ್ಕಳಲ್ಲಿ ಅನೇಕರು ಏನನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅಪ್ಪನ ವಸ್ತು ಇಟ್ಟುಕೊಂಡಿದ್ದರು, ಅಮ್ಮನ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದರು. ಅಷ್ಟಾಗಿಯೂ ಶಾಲೆಗೆ ಹೋಗುತ್ತಿದ್ದರು, ಆಡುತ್ತಿದ್ದರು, ಬೆಳೆಯುತ್ತಿದ್ದರು. 1996ರಲ್ಲಿ ಡೆನ್ನಿಸ್ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಸೇರಿ ಸಂಪಾದಿಸಿದ ಪುಸ್ತಕ ಈ 'ಮುಂದುವರಿಯುವ ಬಂಧ'ದ ಬಗ್ಗೆಯೇ ಬಂತು. ವರ್ಡನ್ ತಮ್ಮ ಪುಸ್ತಕದ ಮುಂದಿನ ಆವೃತ್ತಿಗಳಲ್ಲಿ ನಾಲ್ಕನೇ ಕೆಲಸವನ್ನೇ ತಿದ್ದಿ ಬರೆದರು: ಬದುಕು ಮುಂದುವರಿಸುತ್ತಲೇ ಹೋದವರ ಜೊತೆ ಉಳಿಯುವಂಥ ನಂಟನ್ನು ಕಂಡುಕೊಳ್ಳುವುದು. ತಾನು ಬರೆದದ್ದು ತಪ್ಪು ಅನ್ನಿಸಿದಾಗ ಪಠ್ಯಪುಸ್ತಕವನ್ನೇ ತಿದ್ದುವುದು ಸಣ್ಣ ಮಾತಲ್ಲ.

ಹಾಗಂತ ದುಃಖವೆಲ್ಲ ಸರಿ, ಯಾರಿಗೂ ಚಿಕಿತ್ಸೆ ಬೇಡ ಅಂತಲೂ ಅಲ್ಲ. ವರ್ಷ ಕಳೆದರೂ ಮೊದಲ ದಿನದಷ್ಟೇ ತೀವ್ರವಾಗಿ ಉಳಿದು ಬದುಕನ್ನೇ ನಿಲ್ಲಿಸಿಬಿಡುವ ಶೋಕವನ್ನು 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಒಂದು ಕಾಯಿಲೆಯ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಅದಿದೆ, ಅಲ್ಲಿ ಗಡುವು ಆರು ತಿಂಗಳು. ಆಯಾ ಜನರ ಸಂಪ್ರದಾಯವನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತಲೂ ಹೇಳಿದೆ. ಅಂಥವರಿಗೆ ನೆರವು ಬೇಕೇ ಬೇಕು.

ಹೀಗೆ ಓದುತ್ತಾ ಹೋಗುವಾಗ ನಮ್ಮ ಬೆಂಗಳೂರು ಎದುರಿಗೆ ಬಂತು. ನಿಮ್ಹಾನ್ಸ್ ಪತ್ರಿಕೆಯಲ್ಲಿ 1987ರಲ್ಲಿ ನಾರಾಯಣನ್, ಸತ್ಯವತಿ ಮತ್ತು ಸಂಗಡಿಗರು ಬರೆದ ಒಂದು ಲೇಖನವಿದೆ. ವಿಷಯ: ಸರ್ಕಸ್ ಬೆಂಕಿಯಲ್ಲಿ ತಮ್ಮವರನ್ನು ಕಳೆದುಕೊಂಡ ಬಂಧುಗಳ ಶೋಕ. ಶೀರ್ಷಿಕೆ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾವು ಹೆಸರೆತ್ತದೆ ಬಾಯಿ ಮುಚ್ಚಿಕೊಂಡಿದ್ದ ಅದೇ ಊರಿನಲ್ಲಿ, ಅಂಥ ಮನೆಗಳವರ ಮಾತು ಕೇಳಿ ಬರೆದುಕೊಂಡವರೂ ಇದ್ದರು! ನಮ್ಮ ಚಿಕ್ಕಮ್ಮನ ಹತ್ತಿರ ಮಾತ್ರ ಯಾರೂ ಕೂತಿರಲಿಲ್ಲ. ಬೇರೆಯವರನ್ನು ಯಾಕೆ ಅನ್ನಲಿ, ನಾನೇ ಕೂತಿರಲಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲ ಅನ್ನಲೂ ಆಗುವುದಿಲ್ಲ. ಹತ್ತು ಹದಿಮೂರು ದಿನ ಜನ ಬಂದು ಕೂರುವುದು, ಮಾಸಿಕ, ವರ್ಷಾಬ್ದಿಕ, ಆಮೇಲೆ ಪ್ರತಿ ವರ್ಷ ಒಂದು ತಿಥಿ, ಅವರಿಗೆ ಇಷ್ಟವಾದ ಅಡುಗೆ... ಹೋದವರ ಜೊತೆ ನಂಟು ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕೆ? ಆದರೆ ಅದೆಲ್ಲ ದೊಡ್ಡವರಿಗೆ. ಏಳು ವರ್ಷದ ಹುಡುಗನ ಹೆಸರಿಗೆ ಪಂಚಾಂಗದಲ್ಲಿ ಒಂದು ದಿನ ಇರಲಿಲ್ಲ. ಅವನ ಹೆಸರು ಹೇಳಲು ಚಿಕ್ಕಮ್ಮನಿಗೆ ವರ್ಷದಲ್ಲಿ ಒಂದು ದಿನವನ್ನೂ ನಾವು ಉಳಿಸಿರಲಿಲ್ಲ. ಅವಳು ಪುರೋಹಿತರ ಹತ್ತಿರ ಕೇಳಿದ್ದು ಅಷ್ಟನ್ನೇ.

ಮರುವರ್ಷ ಫೆಬ್ರವರಿ 7ಕ್ಕೆ ಚಿಕ್ಕಮ್ಮನ ಮನೆಗೆ ಹೋದೆ. ಕಾಫಿ ಕೊಟ್ಟಳು. ಕುಡಿಯುವ ತನಕ ಧೈರ್ಯ ಬರಲಿಲ್ಲ. ಆಮೇಲೆ ಅವನ ಹೆಸರು ಹೇಳಿ, "ಇವತ್ತಲ್ವಾ ಚಿಕ್ಕಮ್ಮ?" ಅಂದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಹೋಗಿ ಬೀರುವಿನಲ್ಲಿ ಸೀರೆಗಳ ಕೆಳಗಿಂದ ಒಂದು ಫೋಟೋ ತಂದಳು. "ನಿನ್ನ ಲಗೋರಿ ಚೆಂಡು ಕದ್ದು ನೀರಿನ ಹಂಡೆಯಲ್ಲಿ ಹಾಕಿದ್ದ, ನೆನಪಿದ್ಯಾ ನಿಂಗೆ?" ಅಂದಳು. ನೆನಪಿರಲಿಲ್ಲ. ಸಂಜೆ ಆರರ ತನಕ ಅವಳೇ ಹೇಳುತ್ತಾ ಹೋದಳು. ನಡುವೆ ಅತ್ತಳು, ನಕ್ಕಳು ಕೂಡ. ನಲವತ್ತು ವರ್ಷದಲ್ಲಿ ಅವಳು ಒಂದನ್ನೂ ಮರೆತಿರಲಿಲ್ಲ. ಮರೆತದ್ದು ನಾವು.

ಹೊರಡುವಾಗ, "ತಾತ, ಅಜ್ಜಿ, ಚಿಕ್ಕಪ್ಪನ ಪಕ್ಕ ಇದನ್ನೂ ಗೋಡೆಗೆ ಹಾಕೋಣವಾ?" ಅಂದೆ.

"ಬೇಡಪ್ಪ. ಅಲ್ಲಿಟ್ಟರೆ ಹಾರ ಹಾಕಿಬಿಡ್ತೀರಿ" ಅಂದಳು.

ಈಗ ಫೋಟೋ ಟೀವಿಯ ಪಕ್ಕ ಇದೆ. ಹಾರ ಇಲ್ಲ, ಕುಂಕುಮ ಇಲ್ಲ. ಪ್ರತಿ ಫೆಬ್ರವರಿ 7ಕ್ಕೆ ಹೋಗುತ್ತೇನೆ, ಅವನಿಗೆ ಇಷ್ಟ ಅಂತ ಚಿಕ್ಕಮ್ಮ ಕೊಬ್ಬರಿ ಮಿಠಾಯಿ ಮಾಡಿರುತ್ತಾಳೆ.

ನಿಮ್ಮ ಮನೆಗಳಲ್ಲೂ ಹೀಗೆ ಎತ್ತಬಾರದ ಹೆಸರುಗಳು ಇವೆಯಾ? ಇದ್ದರೆ, ಒಮ್ಮೆ ಎತ್ತಿ ನೋಡಿ.